ಒಕವಾಂಗೊ ಸಫಾರಿ: 18 ಕೆಜಿ ಸೂಟ್‌ಕೇಸ್ ಯಾಕೆ ಬೇಡ ಅಂದರು?

ಆಫ್ರಿಕಾದ ಬೋಟ್ಸ್ವಾನಾದಲ್ಲಿರುವ ಒಕವಾಂಗೊಗೆ ಸಫಾರಿ ಹೊರಟಿದ್ದೇನೆ, 18 ಕೆಜಿ ಸೂಟ್‌ಕೇಸ್ ತರಬೇಡಿ ಅಂದಿದ್ದಾರೆ, ಕ್ಯಾಮೆರಾದ ದೊಡ್ಡ ಲೆನ್ಸ್ ಬಿಟ್ಟು ಹೋಗಲು ಮನಸ್ಸಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಸೂಟ್‌ಕೇಸ್ 18 ಕೆಜಿಯೇ ಇದ್ದರೂ ಬೇಡ ಅಂದಿದ್ದಾರೆ ಅಂದರೆ, ತಕರಾರು ಬಹುಶಃ ತೂಕದ್ದಲ್ಲ, ಆಕಾರದ್ದು. ಅಲ್ಲಿನ ಮೌನ್ ಪಟ್ಟಣದಿಂದ ಒಕವಾಂಗೊ ಕ್ಯಾಂಪ್‌ಗಳಿಗೆ ಹೋಗುವುದು ಹೆಚ್ಚಾಗಿ ಸೆಸ್ನಾ ಕ್ಯಾರವಾನ್‌ನಂಥ ಸಣ್ಣ ವಿಮಾನ. ಲಗೇಜನ್ನು ಅದರ ಹೊಟ್ಟೆಯಡಿಯ ತಗ್ಗು ಡಬ್ಬಿಗೆ ತುರುಕುತ್ತಾರೆ. ಚಕ್ರ, ಗಟ್ಟಿ ಫ್ರೇಮ್ ಇದ್ದರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ.

ಮೊದಲು ಮೆತ್ತನೆಯ ಡಫಲ್ ಬ್ಯಾಗ್ ತಗೊಳ್ಳಿ, ಚಕ್ರ ಬೇಡವೇ ಬೇಡ. ಆಮೇಲೆ ಕ್ಯಾಮೆರಾ ಬ್ಯಾಗನ್ನೂ ಸೇರಿಸಿ ತೂಗಿ. ಮಿತಿ ಸಾಮಾನ್ಯವಾಗಿ ತಲೆಗೆ 20 ಕೆಜಿ, ಕೈಚೀಲವೂ ಅದರೊಳಗೇ. ಕೆಲವರು 15 ಅನ್ನುತ್ತಾರೆ, ಹಾಗಾಗಿ ನಿಮ್ಮ ಬುಕಿಂಗ್ ವೋಚರ್‌ನಲ್ಲಿ ಬರೆದಿದ್ದೇ ಲೆಕ್ಕ. ದೊಡ್ಡ ಲೆನ್ಸ್ ಬಿಟ್ಟು ಹೋಗಲು ಮನಸ್ಸಿಲ್ಲ ಅಂದಿರಲ್ವಾ, ಈಗಲೇ ಏಜೆಂಟ್‌ಗೆ ಬರೆದು ಲಗೇಜಿಗೆ ಅಂತ ಒಂದು ಸೀಟು ಜಾಸ್ತಿ ಕೇಳಿ. ದುಬಾರಿ ನಿಜ, ಆದರೆ ಏರ್‌ಸ್ಟ್ರಿಪ್‌ನಲ್ಲಿ ವಾದಕ್ಕೆ ನಿಲ್ಲುವುದಕ್ಕಿಂತ ವಾಸಿ.

ಬಟ್ಟೆ ಮೂರು ಜೊತೆ ಸಾಕು. ವಿಮಾನದಲ್ಲಿ ಹೋಗುವ ಇಂಥ ಕ್ಯಾಂಪ್‌ಗಳಲ್ಲಿ ಸಾಮಾನ್ಯವಾಗಿ ಅವರೇ ಒಗೆದು ಕೊಡುತ್ತಾರೆ. ಒಳಉಡುಪು ಮಾತ್ರ ಕೆಲವು ಕಡೆ ಮುಟ್ಟುವುದಿಲ್ಲ, ಸೋಪಿನ ಪುಡಿ ಇಟ್ಟಿರುತ್ತಾರೆ.

ಜೋಹಾನ್ಸ್‌ಬರ್ಗ್ ಮೇಲೆ ಹೋಗಿ ವಾಪಸ್ ಅದರ ಮೇಲೇ ಬರುವುದಾದರೆ, ಸೂಟ್‌ಕೇಸನ್ನು ಅಲ್ಲಿನ ಹೋಟೆಲ್‌ನಲ್ಲಿ ಬಿಡಬಹುದಾ ಕೇಳಿ. ವಿಕ್ಟೋರಿಯಾ ಫಾಲ್ಸ್ ಕಡೆಯಿಂದ ಊರಿಗೆ ಹೊರಡುವುದಾದರೆ ಅದು ಮನೆಯಲ್ಲೇ ಇರಲಿ.