ಎಂ.ಎಸ್ಸಿ. ಪದವಿಯೊಂದಿಗೆ ಕ್ಯಾಲಿಫೋರ್ನಿಯಾದಲ್ಲಿ ಸೈಕಾಲಜಿಸ್ಟ್ ಆಗಬಹುದೇ?

ಮೈಸೂರಿನಲ್ಲಿ ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದು, ಮದುವೆಯ ನಂತರ ಪತಿಯ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್‌-4 ವೀಸಾದ ಮೇಲೆ ಸ್ಯಾನ್ ಹೋಸೆಗೆ ಬಂದಿರುವುದಾಗಿ ಬರೆದಿದ್ದೀರಿ. ಇಲ್ಲಿ ಸೈಕಾಲಜಿಸ್ಟ್ ಲೈಸೆನ್ಸ್ ಪಡೆಯಲು ಈಗಿರುವ ಪದವಿ ಸಾಕೇ ಎಂಬುದು ನಿಮ್ಮ ಪ್ರಶ್ನೆ. ನಾನು ಇಲ್ಲಿಯೇ ಡಾಕ್ಟರೇಟ್ ಮಾಡಿ ಲೈಸೆನ್ಸ್ ಪಡೆದು ಕೆಲಸ ಮಾಡುತ್ತಿರುವವಳು. ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಸಾಲದು. ಕ್ಯಾಲಿಫೋರ್ನಿಯಾದಲ್ಲಿ ‘ಸೈಕಾಲಜಿಸ್ಟ್’ ಎಂಬ ಹೆಸರಿಗೇ ಕಾನೂನಿನ ರಕ್ಷಣೆಯಿದೆ. ರಾಜ್ಯದ ಬೋರ್ಡ್ ಆಫ್ ಸೈಕಾಲಜಿ ಲೈಸೆನ್ಸ್ ಕೊಡುವವರೆಗೆ ಆ ಹೆಸರನ್ನು ಬಾಗಿಲಿನ ಫಲಕದಲ್ಲಾಗಲಿ, ಜಾಲತಾಣದಲ್ಲಾಗಲಿ ಹಾಕಿಕೊಳ್ಳುವಂತಿಲ್ಲ. ಲೈಸೆನ್ಸ್‌ಗೆ ಮೊದಲು ಬೇಕಾದದ್ದು ಡಾಕ್ಟರೇಟ್: ಪಿಎಚ್.ಡಿ., ಸೈ.ಡಿ. (ಮನಶ್ಶಾಸ್ತ್ರದ ವೃತ್ತಿಪರ ಡಾಕ್ಟರೇಟ್) ಅಥವಾ ಎಡ್.ಡಿ. (ಶಿಕ್ಷಣದ ಡಾಕ್ಟರೇಟ್). ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಎರಡು ವರ್ಷದ ಎಂ.ಫಿಲ್. ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ನೋಂದಾಯಿಸಿಕೊಂಡವರಿಗೂ ಇದರಿಂದ ವಿನಾಯಿತಿ ಇಲ್ಲ. ವಾರ್ಡುಗಳಲ್ಲಿ ಹಗಲಿರುಳು ದುಡಿದು ಕಲಿತವರಿಗೆ ಈ ಮಾತು ನೋವು ತರುತ್ತದೆ. ಅವರ ಕಲಿಕೆಯ ಬಗ್ಗೆ ನನಗೆ ತುಂಬ ಗೌರವವಿದೆ, ಆದರೆ ಇಲ್ಲಿನ ಕಾನೂನು ಪದವಿಯ ಮಟ್ಟವನ್ನು ನೋಡುತ್ತದೆ. ಭಾರತದಲ್ಲೇ ಪಿಎಚ್.ಡಿ. ಮಾಡಿದವರು ಅದು ಇಲ್ಲಿನ ಡಾಕ್ಟರೇಟ್‌ಗೆ ಸಮಾನವೆಂದು ಪದವಿ ಮೌಲ್ಯಮಾಪನ ಸಂಸ್ಥೆಯೊಂದರ ವರದಿಯ ಮೂಲಕ ತೋರಿಸಬೇಕು, ಬೋರ್ಡ್ ಅದನ್ನು ಒಪ್ಪಬೇಕು.

ಪದವಿಗಿಂತ ಹೆಚ್ಚು ಜನ ಎಡವುವುದು ಮೇಲ್ವಿಚಾರಣೆಯಲ್ಲಿ ಮಾಡಬೇಕಾದ 3,000 ಗಂಟೆಗಳ ಕೆಲಸದಲ್ಲಿ. ಇದರಲ್ಲಿ ಕನಿಷ್ಠ 1,500 ಗಂಟೆ ಡಾಕ್ಟರೇಟ್ ಮುಗಿದ ಮೇಲೆ ಆಗಬೇಕು. ವಾರಕ್ಕೆ 44 ಗಂಟೆಗಿಂತ ಹೆಚ್ಚು ದುಡಿದರೂ ಲೆಕ್ಕಕ್ಕೆ ಬರುವುದು 44 ಮಾತ್ರ. ದುಡಿದ ಸಮಯದ ಹತ್ತನೇ ಒಂದು ಭಾಗದಷ್ಟು ಮೇಲ್ವಿಚಾರಣೆ ಇರಬೇಕು, ಅದರಲ್ಲಿ ವಾರಕ್ಕೆ ಒಂದು ಗಂಟೆಯಾದರೂ ಮುಖ್ಯ ಮೇಲ್ವಿಚಾರಕರೊಡನೆ ನೀವೊಬ್ಬರೇ ಕುಳಿತಿರಬೇಕು. ಕೆಲಸ ಶುರುವಾಗುವ ಮುನ್ನವೇ ಇಬ್ಬರೂ ಸೇರಿ ಒಪ್ಪಂದಪತ್ರ ತಯಾರಿಸಿ ಸಹಿ ಹಾಕಬೇಕು. ‘ಮೊದಲು ಸೇರಿಕೊಳ್ಳಿ, ಕಾಗದ ಆಮೇಲೆ ನೋಡೋಣ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ವಾರವಾರವೂ ತುಂಬುವ ದಿನಚರಿ ಹಾಳೆಯೊಂದಿದೆ: ಎಲ್ಲಿ ಕೆಲಸ ಮಾಡಿದಿರಿ, ಯಾವ ಬಗೆಯ ಕೆಲಸ, ಎಷ್ಟು ಗಂಟೆ, ಮೇಲ್ವಿಚಾರಣೆ ಎಷ್ಟು, ಕೆಳಗೆ ಮೇಲ್ವಿಚಾರಕರ ಸಹಿ. ನಾನು ಶುಕ್ರವಾರ ಸಂಜೆ ಆ ಸಹಿ ಹಾಕಿಸಿಕೊಳ್ಳದೆ ಮನೆಗೆ ಹೊರಡುತ್ತಿರಲಿಲ್ಲ. ಮೇಲ್ವಿಚಾರಕರು ಊರು ಬಿಟ್ಟರೆ, ನಿವೃತ್ತರಾದರೆ ಹಳೆಯ ಗಂಟೆಗಳನ್ನು ಸಾಬೀತುಪಡಿಸಲು ನಿಮ್ಮ ಕೈಯಲ್ಲಿ ಉಳಿಯುವುದು ಆ ಹಾಳೆಗಳೇ.

ಪರೀಕ್ಷೆಗಳು ಎರಡು. ಇಪಿಪಿಪಿ (ವೃತ್ತಿಪರ ಮನಶ್ಶಾಸ್ತ್ರದ ಪರೀಕ್ಷೆ) ಎಂಬುದು ಅಮೆರಿಕದ ಎಲ್ಲ ರಾಜ್ಯಗಳೂ ಬಳಸುವ ಪರೀಕ್ಷೆ. 225 ಬಹುಆಯ್ಕೆಯ ಪ್ರಶ್ನೆಗಳು, ತೇರ್ಗಡೆಗೆ ಬೇರೆಯೇ ಅಳತೆಗೆ ಪರಿವರ್ತಿಸಿದ ಅಂಕಗಳಲ್ಲಿ 500. ಓದಿದವರಿಗೆ ದಕ್ಕುತ್ತದೆ. ಇನ್ನೊಂದು ಕ್ಯಾಲಿಫೋರ್ನಿಯಾದ್ದೇ ಆದ ಕಾನೂನು ಮತ್ತು ನೀತಿ ಪರೀಕ್ಷೆ. ಇದನ್ನು ಬರಿಯ ಬಾಯಿಪಾಠದ ವಿಷಯವೆಂದು ಹಗುರವಾಗಿ ಕಾಣಬೇಡಿ. 1969ರಲ್ಲಿ ಬರ್ಕ್ಲಿಯಲ್ಲಿ, ಭಾರತದಿಂದ ಬಂದಿದ್ದ ವಿದ್ಯಾರ್ಥಿಯೊಬ್ಬ ಒಬ್ಬ ಯುವತಿಯನ್ನು ಕೊಲ್ಲುವ ಉದ್ದೇಶವನ್ನು ತನ್ನ ಸೈಕಾಲಜಿಸ್ಟ್ ಎದುರು ಹೇಳಿಕೊಂಡ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ವಿಚಾರಿಸಿ ಬಿಟ್ಟುಬಿಟ್ಟರು. ಆ ಯುವತಿ ಟಟಿಯಾನಾ ಟಾರಾಸಾಫ್‌ಗಾಗಲಿ, ಮನೆಯವರಿಗಾಗಲಿ ಯಾರೂ ಎಚ್ಚರಿಕೆ ಕೊಡಲಿಲ್ಲ. ಅಕ್ಟೋಬರ್‌ನಲ್ಲಿ ಅವನು ಅವಳನ್ನು ಕೊಂದ. ಹೆತ್ತವರು ಹೂಡಿದ ಮೊಕದ್ದಮೆಯಲ್ಲಿ 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ರೋಗಿಯಿಂದ ಮತ್ತೊಬ್ಬರ ಜೀವಕ್ಕೆ ಗಂಭೀರ ಅಪಾಯವಿದ್ದಾಗ ಅವರನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳುವುದು ಚಿಕಿತ್ಸಕರ ಹೊಣೆ ಎಂದು ತೀರ್ಪಿತ್ತಿತು. ಗುಟ್ಟು ಕಾಯುವ ಕರ್ತವ್ಯ ಎಲ್ಲಿಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಇಲ್ಲಿ ಒಂದು ಜೀವದ ಬೆಲೆ ತೆತ್ತು ಇತ್ಯರ್ಥವಾಗಿದೆ.

ಮಕ್ಕಳ ವಿಷಯದಲ್ಲೂ ಹಾಗೆಯೇ. ಊರಿನ ಶಾಲೆಯಲ್ಲಿ ಮಗುವಿನ ಮೈಮೇಲೆ ಬಾಸುಂಡೆ ಕಂಡರೆ ಮುಖ್ಯೋಪಾಧ್ಯಾಯರಿಗೆ ಹೇಳಿ, ತಂದೆತಾಯಿಯನ್ನು ಕರೆಸಿ ಬುದ್ಧಿ ಹೇಳಿಸುವುದು ರೂಢಿ. ಇಲ್ಲಿ ದೌರ್ಜನ್ಯದ ಸಕಾರಣ ಸಂಶಯ ಬಂದರೆ ಸಾಕು, ನೀವೇ ಕೂಡಲೇ ಪೊಲೀಸರಿಗೋ ಮಕ್ಕಳ ರಕ್ಷಣಾ ಇಲಾಖೆಗೋ ಫೋನ್ ಮಾಡಿ ತಿಳಿಸಬೇಕು, 36 ಗಂಟೆಯೊಳಗೆ ಲಿಖಿತ ವರದಿ ಕೊಡಬೇಕು. ಮೇಲಿನವರಿಗೆ ಹೇಳಿದ್ದೆ ಎಂದರೆ ಹೊಣೆ ತೀರುವುದಿಲ್ಲ. ಮಕ್ಕಳ ಮೇಲಿನ ದೌರ್ಜನ್ಯ, ದಂಪತಿಗಳ ನಡುವಿನ ಹಿಂಸೆ, ವ್ಯಸನ, ಲೈಂಗಿಕತೆ, ಮುಪ್ಪು, ಆತ್ಮಹತ್ಯೆಯ ಅಪಾಯ ಅಳೆಯುವುದು, ಇವುಗಳ ಬಗ್ಗೆ ಪ್ರತ್ಯೇಕ ತರಬೇತಿಯನ್ನೂ ರಾಜ್ಯ ಕೇಳುತ್ತದೆ. ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆಗೂ ಒಳಗಾಗಬೇಕು.

ಇನ್ನು ನಿಮ್ಮ ವಿಷಯ. ಸೈಕಾಲಜಿಸ್ಟ್ ಆಗಲೇಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ. ಮನೋಪರೀಕ್ಷೆಗಳನ್ನು ಮಾಡಿ ವರದಿ ಬರೆಯುವುದು, ಸಂಶೋಧನೆ, ವಿಶ್ವವಿದ್ಯಾಲಯದ ಪಾಠ ನಿಮಗೆ ಇಷ್ಟವಿದ್ದರೆ ಡಾಕ್ಟರೇಟ್‌ನ ದೀರ್ಘ ದಾರಿ ಹಿಡಿಯಿರಿ. ಪಿಎಚ್.ಡಿ.ಗೆ ಹಲವು ವಿಶ್ವವಿದ್ಯಾಲಯಗಳು ವೇತನ ಕೊಡುತ್ತವೆ, ಸೀಟುಗಳು ಬಹಳ ಕಡಿಮೆ. ಸೈ.ಡಿ.ಗೆ ಸಾಮಾನ್ಯವಾಗಿ ಶುಲ್ಕವನ್ನು ನೀವೇ ಭರಿಸಬೇಕು. ಆದರೆ ಜನರ ಎದುರು ಕುಳಿತು ಅವರ ಕಷ್ಟ ಕೇಳಿ ನೆರವಾಗುವುದೇ ನಿಮ್ಮ ಆಸೆಯಾದರೆ, ಮಾಸ್ಟರ್ಸ್ ಮಟ್ಟದ ಎರಡು ಲೈಸೆನ್ಸ್‌ಗಳಿವೆ: ವಿವಾಹ ಮತ್ತು ಕುಟುಂಬ ಚಿಕಿತ್ಸಕರದು ಒಂದು, ವೃತ್ತಿಪರ ಆಪ್ತಸಮಾಲೋಚಕರದು ಇನ್ನೊಂದು. ಇವನ್ನು ಕೊಡುವುದು ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್. ಇವಕ್ಕೂ 3,000 ಗಂಟೆಗಳ ಕೆಲಸವಿದೆ, ಪದವಿಯಲ್ಲಿ 60 ಸೆಮಿಸ್ಟರ್ ಯೂನಿಟ್‌ಗಳು (ಕ್ರೆಡಿಟ್) ಇರಬೇಕು. ಶಾಲೆಯ ಅನುಭವ ಇರುವವರಿಗೆ ಮೂರನೆಯದೂ ಇದೆ: ಸರ್ಕಾರಿ ಶಾಲೆಗಳ ಸ್ಕೂಲ್ ಸೈಕಾಲಜಿಸ್ಟ್. ಹೆಸರಿನಲ್ಲಿ ಸೈಕಾಲಜಿಸ್ಟ್ ಎಂದಿದ್ದರೂ ಅದರ ಅರ್ಹತಾಪತ್ರ ಕೊಡುವುದು ಬೋರ್ಡ್ ಆಫ್ ಸೈಕಾಲಜಿ ಅಲ್ಲ, ಶಿಕ್ಷಕರ ಅರ್ಹತೆಯನ್ನು ನೋಡುವ ಆಯೋಗ, ಡಾಕ್ಟರೇಟ್ ಬೇಕಿಲ್ಲ. ನಿಮ್ಮ ಪತ್ರ ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಇದೇ.

ವೀಸಾ ವಿಷಯವನ್ನು ಪ್ರವೇಶಕ್ಕೆ ಮುಂಚೆಯೇ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಎಚ್‌-4ರಲ್ಲಿ ಓದಬಹುದು, ಆದರೆ ಕೆಲಸದ ಪರವಾನಗಿ ಇಲ್ಲದೆ ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. ಅಲ್ಲಿಯವರೆಗೆ ಪರಿಚಯದವರಿಗೆಂದು ಮನೆಯಿಂದ, ಆನ್‌ಲೈನಿನಲ್ಲಿ ಹಣ ಪಡೆದು ಸಮಾಲೋಚನೆ ಮಾಡಲು ಹೋಗಬೇಡಿ. ಒತ್ತಾಯ ಖಂಡಿತ ಬರುತ್ತದೆ, ಏಕೆಂದರೆ ಮಕ್ಕಳ ಮನೆಗೆ ಬಂದು ದಿನವಿಡೀ ಒಬ್ಬರೇ ಕೂರುವ ಅಪ್ಪ ಅಮ್ಮಂದಿರು ಕನ್ನಡದಲ್ಲಿ ಮಾತನಾಡುವವರಿಗಾಗಿ ಕಾಯುತ್ತಿದ್ದಾರೆ. ಅವರಿಗೆ ಸಿಗುವವರು ಲೈಸೆನ್ಸ್ ಇರುವವರೇ ಆಗಿರಬೇಕು.

ಈಗ ಮಾಡಬಹುದಾದ ಕೆಲಸವೆಂದರೆ ನಿಮ್ಮ ವಿಶ್ವವಿದ್ಯಾಲಯದಿಂದ ಅಂಕಪಟ್ಟಿಗಳ ಅಧಿಕೃತ ಪ್ರತಿ, ಆ ವರ್ಷಗಳ ಪಠ್ಯಕ್ರಮ, ಕ್ಷೇತ್ರಕಾರ್ಯದ ಗಂಟೆಗಳ ಪ್ರಮಾಣಪತ್ರ ತರಿಸಿಕೊಳ್ಳುವುದು. ಊರಿನಲ್ಲಿರುವ ತಮ್ಮನೋ ತಂಗಿಯೋ ಪರೀಕ್ಷಾ ವಿಭಾಗಕ್ಕೆ ಹೋಗಿ ವಿಚಾರಿಸಿದರೆ ಇ-ಮೇಲ್‌ಗಿಂತ ಬೇಗ ಆಗುತ್ತದೆ. ಅವು ಕೈಗೆ ಬಂದ ಮೇಲೆ ಮೌಲ್ಯಮಾಪನಕ್ಕೆ ಕೊಡಿ, ಒಂದೊಂದು ವಿಷಯವನ್ನೂ ಬಿಡಿಬಿಡಿಯಾಗಿ ತೋರಿಸುವ ವರದಿಯನ್ನೇ ಕೇಳಿ.