ಕುಮಾರ ಪರ್ವತದ ಚಾರಣದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಏನು ಮಾಡಬೇಕು?

ಡಿಸೆಂಬರಿನಲ್ಲಿ ಗೆಳೆಯರೊಂದಿಗೆ ಕುಕ್ಕೆಯಿಂದ ಕುಮಾರ ಪರ್ವತ ಹತ್ತಲಿದ್ದೀರಿ. ದಾರಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ಮನೆಯವರಿಗೆ ಆತಂಕ. ಅಮೆರಿಕದಿಂದ ಬರುವ ಅಣ್ಣನ ಕೈಯಲ್ಲಿ ಗಾರ್ಮಿನ್ ಇನ್‌ರೀಚ್ ತರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ತರಿಸಬೇಡಿ. ಅದು ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶ ಕಳಿಸುವ ಉಪಕರಣ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಂಥವನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಾನೂನು ತಿಳಿಯದೆ ಚೀಲದಲ್ಲಿ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದಲ್ಲಿಯೇ ಪೊಲೀಸರ ವಶವಾದದ್ದುಂಟು.

ಉಪಕರಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಊರಿನಲ್ಲಿ ಎಚ್ಚರವಾಗಿರುವ ಒಬ್ಬ ವ್ಯಕ್ತಿ. ಇದನ್ನು ನಾನು ಪೇಚಾಡಿಯೇ ಕಲಿತೆ. ಕೆಲವು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಸಿಗುವ ಶೇಷ ಪರ್ವತದಿಂದ ಇಳಿಯುವಾಗ ನಮ್ಮಲ್ಲೊಬ್ಬನ ಪಾದ ಹುಲ್ಲಿನಡಿಯ ಕಲ್ಲಿಗೆ ಸಿಕ್ಕಿ ಹೊರಳಿ, ಬೂಟಿನ ದಾರ ಸಡಿಲಿಸುವಷ್ಟರಲ್ಲಿ ಕಾಲಿನ ಹರಡು ಊದಿಕೊಂಡಿತು. ಚಾರಣದ ದಾರಿಯ ನಡುವಿರುವ ಭಟ್ಟರ ಮನೆಗೆ ಅವನನ್ನು ಹೊತ್ತು ತರುವಾಗ ರಾತ್ರಿ ಹತ್ತು ದಾಟಿತ್ತು. ‘ಎಂಟರೊಳಗೆ ಫೋನ್ ಬರದಿದ್ದರೆ ಸ್ವಲ್ಪ ನೋಡು’ ಎಂದು ನಾನು ಹೇಳಿಹೋಗಿದ್ದ ಭಾವ, ಬಸ್ಸು ತಡವಾಗಿರಬೇಕೆಂದುಕೊಂಡು ಊಟ ಮಾಡಿ ಮಲಗಿದ್ದರು. ತಪ್ಪು ಅವರದಲ್ಲ, ‘ನೋಡು’ ಎಂದರೆ ಯಾರಿಗೆ ಫೋನ್ ಮಾಡಿ ಏನು ಹೇಳಬೇಕೆಂದು ನಾನು ತಿಳಿಸಿರಲೇ ಇಲ್ಲ.

ಆದ್ದರಿಂದ ಈಗ ಒಂದು ಹಾಳೆಯಲ್ಲಿ ಎಲ್ಲರ ಹೆಸರು, ರಕ್ತದ ಗುಂಪು, ಹತ್ತುವ ಮತ್ತು ಇಳಿಯುವ ದಾರಿ (ಕುಕ್ಕೆಗೇ ಮರಳುತ್ತೇವೋ, ಸೋಮವಾರಪೇಟೆ ಕಡೆಯ ಬೀಡಹಳ್ಳಿಗೆ ಇಳಿಯುತ್ತೇವೋ ಎಂಬುದೂ ಸೇರಿ), ಅನುಮತಿ ಚೀಟಿಯ ಪ್ರತಿ, ಇಂಥ ಗಂಟೆ ಮೀರಿದರೆ ಮೊದಲು ಅರಣ್ಯ ಇಲಾಖೆಯ ಕಚೇರಿಗೆ, ಅನಂತರ 112ಕ್ಕೆ ಕರೆ ಮಾಡಬೇಕೆಂಬ ಸೂಚನೆ, ಇಷ್ಟನ್ನೂ ಬರೆದುಕೊಟ್ಟು ಹೊರಡುತ್ತೇನೆ.

ಇನ್ನು ಫೋನಿನ ವಿಷಯ. ಸಂಕೇತ ಹುಡುಕುತ್ತಲೇ ಇರುವ ಫೋನಿನ ಬ್ಯಾಟರಿ ಬೇಗ ಬರಿದಾಗುವುದರಿಂದ ಅದನ್ನು ಏರೋಪ್ಲೇನ್ ಮೋಡಿನಲ್ಲಿಡಿ. ಆಗಲೂ ಜಿಪಿಎಸ್ ಕೆಲಸ ಮಾಡುತ್ತದೆ, ಮೊದಲೇ ಇಳಿಸಿಟ್ಟುಕೊಂಡ ನಕ್ಷೆಯೂ ತೆರೆಯುತ್ತದೆ. ಗುಂಪಿನಲ್ಲಿ ಬೇರೆ ಬೇರೆ ಕಂಪನಿಗಳ ಸಿಮ್ ಇರಲಿ. ಸಹಾಯ ಬೇಕಾದಾಗ ಏರೋಪ್ಲೇನ್ ಮೋಡ್ ತೆಗೆದು ನೋಡಿ, ಪರದೆಯ ಮೇಲೆ ‘ತುರ್ತು ಕರೆಗಳು ಮಾತ್ರ’ ಎಂದು ಕಾಣಿಸಿದರೆ ನಿಮ್ಮ ಕಂಪನಿಯದಲ್ಲದಿದ್ದರೂ ಯಾವುದೋ ಒಂದು ಟವರ್ ಎಟುಕುತ್ತಿದೆ ಎಂದರ್ಥ. ಅಲ್ಲಿಯೇ ನಿಂತು 112 ಒತ್ತಿ, ಅಕ್ಷಾಂಶ ರೇಖಾಂಶಗಳನ್ನು ಓದಿ ಹೇಳಿ. ಮಾತು ಹೋಗದ ಕಡೆ ಕೆಲವೊಮ್ಮೆ ಎಸ್‌ಎಂಎಸ್ ಹೋಗುತ್ತದೆ. ಕಾಡಿನೊಳಗಿಗಿಂತ ತೆರೆದ ಹುಲ್ಲಿನ ದಿಣ್ಣೆಯ ಮೇಲೆ ಸಂಕೇತ ಸಿಗುವ ಸಾಧ್ಯತೆ ಹೆಚ್ಚು. ಆದರೆ ಕತ್ತಲಾದ ಮೇಲೆ ಅದಕ್ಕಾಗಿ ಒಬ್ಬರನ್ನೇ ಕಳಿಸಬೇಡಿ, ಅದು ಆನೆಗಳ ಕಾಡು.

ಒಂದು ಸೀಟಿಯನ್ನೂ ಹೆಡ್‌ಲ್ಯಾಂಪನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಪರ್ವತಾರೋಹಿಗಳ ಅಂತಾರಾಷ್ಟ್ರೀಯ ಸಂಕಟ ಸಂಕೇತ. ನಿಮಿಷಕ್ಕೆ ಮೂರು ಸಲ ಕೇಳಿಸಿದರೆ ಅದು ಉತ್ತರ. ಕೆಳಗಿಳಿದು ನೆಟ್‌ವರ್ಕ್ ಬಂದೊಡನೆ ಹಾಳೆ ಹಿಡಿದು ಕುಳಿತವರಿಗೆ ಮೊದಲು ಫೋನ್ ಮಾಡಿ. ಇಲ್ಲವಾದರೆ ನೀವು ಕುಕ್ಕೆಯಲ್ಲಿ ಊಟಕ್ಕೆ ಕುಳಿತಿರುವಾಗ ಅರಣ್ಯ ಸಿಬ್ಬಂದಿ ನಿಮ್ಮನ್ನು ಹುಡುಕಲು ಬೆಟ್ಟ ಹತ್ತುತ್ತಿರುತ್ತಾರೆ.