ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತದೆ, ಯಾಕೆ?

ಪ್ರಶ್ನೆ: ನಾನು ರಾಯಚೂರಿನ ನಿವೃತ್ತ ಶಿಕ್ಷಕಿ, ವಯಸ್ಸು 61. ಕೆಲವು ತಿಂಗಳಿಂದ ಬಾಯಿ, ಗಂಟಲು ಒಣಗುತ್ತಿವೆ. ರಾತ್ರಿ ಎಚ್ಚರವಾದಾಗ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ. ತುಟಿ ಸದಾ ಒಡೆದಿರುತ್ತದೆ. ನೀರಿಲ್ಲದೆ ರೊಟ್ಟಿ ಇಳಿಯುವುದಿಲ್ಲ. ಬಿಸಿಲಿಗೆ ಹೀಗೆ ಅಂತಾರೆ ಮನೆಯವರು. ನಿಂಬೆ ಪೆಪ್ಪರ್‌ಮೆಂಟ್ ಚೀಪುತ್ತಿರುತ್ತೇನೆ. ಶುಗರ್ ಸರಿಯಾಗಿದೆ. ಅಲರ್ಜಿಗೆ ದಿನವೂ ಸೆಟಿರಿಜಿನ್, ಕಾಲುರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುತ್ತೇನೆ, ಅಷ್ಟೇ.

ಉತ್ತರ: 'ಅಷ್ಟೇ' ಅಂದುಬಿಟ್ಟಿರಲ್ಲ ಮೇಡಂ! ನನಗೆ ಬೇಕಾಗಿದ್ದು ಆ ಕೊನೆಯ ಸಾಲೇ.

ರಾಯಚೂರಿನ ಬಿಸಿಲನ್ನು ಬೈಯುವುದು ಸುಲಭ. ಆದರೆ ಬಿಸಿಲಿನ ದಾಹ ನೀರು ಕುಡಿದರೆ ತೀರಬೇಕು. ನಿಮ್ಮದು ತೀರುತ್ತಿಲ್ಲ. ನಿಮಗೆ ಕಡಿಮೆಯಾಗಿರುವುದು ಜೊಲ್ಲು ಇರಬೇಕು. ಆರೋಗ್ಯವಾಗಿರುವವರ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಅದು ಊರಬೇಕಾದರೆ ನರಗಳಿಂದ ಗ್ರಂಥಿಗಳಿಗೆ ಸೂಚನೆ ಹೋಗಬೇಕು. ಅಮಿಟ್ರಿಪ್ಟಿಲಿನ್ ಆ ಸೂಚನೆಯನ್ನೇ ತಡೆಯುತ್ತದೆ. ಸೆಟಿರಿಜಿನ್ ಕೂಡ ಕೆಲವರಿಗೆ ಬಾಯಿ ಒಣಗಿಸುತ್ತದೆ. ನಿದ್ದೆಯಲ್ಲಂತೂ ಜೊಲ್ಲು ಹೇಗೂ ಕಡಿಮೆ. ಜೊತೆಗೆ ಅಲರ್ಜಿಗೆ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದರೆ ಗಂಟಲು ಒಣಗದೆ ಇನ್ನೇನಾದೀತು?

ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ. ಅಮಿಟ್ರಿಪ್ಟಿಲಿನ್ ಥಟ್ಟನೆ ಬಿಟ್ಟರೆ ಬೇರೆ ತೊಂದರೆ ಶುರುವಾಗಬಹುದು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ: ಪ್ರಮಾಣ ಇಳಿಸಬಹುದೇ, ಬದಲಿ ಇದೆಯೇ, ಸೆಟಿರಿಜಿನ್ ದಿನವೂ ಬೇಕೇ?

ಇನ್ನು ನಿಮ್ಮ ಪೆಪ್ಪರ್‌ಮೆಂಟ್. ಹಲ್ಲಿನ ಡಾಕ್ಟರಾದ ನನಗೆ ಇದನ್ನು ಓದಿಯೇ ಸಂಕಟವಾಯಿತು. ಹಲ್ಲಿಗೆ ಜೊಲ್ಲೇ ಕಾವಲು. ಕಾವಲಿಲ್ಲದ ಬಾಯಿಗೆ ದಿನವಿಡೀ ಸಕ್ಕರೆ, ಹುಳಿ ಎರಡನ್ನೂ ಬಿಡುತ್ತಿದ್ದೀರಿ! ಇಂಥವರ ಹಲ್ಲು ಬುಡದಲ್ಲಿ, ವಸಡಿನ ಅಂಚಿನಲ್ಲಿ ಹುಳುಕಾಗುತ್ತದೆ. ನೋವು ಬರುವಷ್ಟರಲ್ಲಿ ತಡವಾಗಿರುತ್ತದೆ. ಚೀಪಲೇಬೇಕೆಂದರೆ ಸಕ್ಕರೆಯಿಲ್ಲದ್ದು ಸಿಗುತ್ತದೆ, ಹುಳಿ ಬೇಡ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಇನ್ನೂ ಒಳ್ಳೆಯದು, ಅಗಿದರೆ ಜೊಲ್ಲು ಊರುತ್ತದೆ. ಶಿಕ್ಷಕಿಯಾಗಿದ್ದವರು ಗಮ್ ಅಗಿಯುವುದಾ ಅಂತ ಸಂಕೋಚ ಬೇಡ, ಈಗ ಕ್ಲಾಸಿಲ್ಲ ಅಲ್ವಾ?

ಲೋಟಗಟ್ಟಲೆ ನೀರು ಒಮ್ಮೆಗೇ ಬೇಡ. ಗುಟುಕು ಗುಟುಕಾಗಿ ಕುಡಿಯಿರಿ. ಕಡಕ್ ರೊಟ್ಟಿಯನ್ನು ಬ್ಯಾಳಿಯಲ್ಲೋ ಮಜ್ಜಿಗೆಯಲ್ಲೋ ನೆನೆಸಿಕೊಳ್ಳಿ. ಕೂಲರ್ ಗಾಳಿ ನೇರ ಮುಖಕ್ಕೆ ಬೀಳದಿರಲಿ. ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ಹೊತ್ತು ಹಲ್ಲುಜ್ಜಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ.

ತುಟಿಯನ್ನು ನಾಲಿಗೆಯಿಂದ ಸವರುವ ಅಭ್ಯಾಸವಿದ್ದರೆ ಬಿಡಿ. ಅದು ಆರುವಾಗ ತುಟಿ ಜಾಸ್ತಿ ಒಡೆಯುತ್ತದೆ. ಪೆಟ್ರೋಲಿಯಂ ಜೆಲ್ಲಿ ಸಾಕು. ಬಾಯಿಯ ಮೂಲೆ ಸೀಳಿ ಉರಿಯುತ್ತಿದ್ದರೆ ಅಥವಾ ಒಳಗೆ ಬಿಳಿ ಪದರ ಕಂಡರೆ ಫಂಗಸ್ ಇರಬಹುದು, ತೋರಿಸಿ.

ಕಣ್ಣಿನ ವಿಷಯ ನೀವು ಬರೆದಿಲ್ಲ. ಮರಳು ಬಿದ್ದ ಹಾಗೆ ಕಣ್ಣು ಒಣಗಿ ಚುಚ್ಚುವುದು, ಕೀಲುನೋವು, ಕೆನ್ನೆಯ ಹಿಂಭಾಗ ಊದುವುದು ಇದ್ದರೆ ಫಿಸಿಷಿಯನ್‌ಗೆ ಹೇಳಿ. ಶೋಗ್ರೆನ್ಸ್ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲಿನ, ಕಣ್ಣೀರಿನ ಗ್ರಂಥಿಗಳ ಮೇಲೆ ಬೀಳುತ್ತದೆ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಅದನ್ನು ನೋಡುತ್ತೇವೆ. ಆಗ ರಕ್ತಪರೀಕ್ಷೆ ಬೇಕಾಗುತ್ತದೆ.